ಮೂರು ಮರ, ಒಂದು ಮಷಿನ್

ಪ್ರಶ್ನೆ: ನಮ್ಮದು ಮೂಲ ಖಾನಾಪುರ ಕಡೆ. ಇಪ್ಪತ್ತು ವರ್ಷದಿಂದ ಗೋವಾದಾಗ ವಾಲ್ಪೋಯಿ ಹತ್ರ ಇದ್ದೀವಿ, ಎರಡು ಎಕರೆ ಗೇರು ತೋಟ ಐತಿ. ಮೂರು ಮರ ತೆಗಿಯೂದೈತಿ. ಒಂದು, ಬೇಲಿ ಕಡೆ ವಾಲಿದ ಅಕೇಶಿಯಾ, ಬುಡ ಒಂದು ಅಡಿ ದಪ್ಪ. ಎರಡನೇದು ಅರ್ಧ ಒಣಗಿದ ಹಳೇ ಗೇರುಮರ. ಮೂರನೇದು ಮನೀ ಹಿಂದ ಕರೆಂಟ್ ತಂತಿ ಬಾಜೂಕ ನಿಂತ ತೆಂಗು. ಕೂಲಿಯವರ ರೇಟ್ ಕೇಳಿ ತಲೀ ತಿರುಗಿ ಹೋದ ವರ್ಷ ನಾನ 58 ಸಿಸಿ ಚೈನ್ ಸಾ ತಗೊಂಡೆ, ಚೈನ್ ಸುತ್ತೂ ಉದ್ದ ಪಟ್ಟಿ, ಅಂದ್ರ ಬಾರ್, 22 ಇಂಚಿಂದು. ಎರಡು ದಿನ ಟೊಂಗಿ ಕೊಯ್ದೆ. ಮಳಿಗಾಲ ಮುಗದ ಮ್ಯಾಲೆ ತಗದರ ಚಾಲೂ ಆಗವಲ್ತು. ಅದಕ್ಕೂ ಮೊದಲ ಸೊಟ್ಟ ಕೊಯ್ಯಾಕ ಹತ್ತಿತ್ತು. ಮರ ನಾನ ಕೊಯ್ಯಬಹುದೇನ್ರಿ? ಮಷಿನ್‌ಗೆ ಏನ್ ಮಾಡ್ಲಿ?

ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅಕೇಶಿಯಾವನ್ನು ನೀವೇ ಕೊಯ್ಯಬಹುದು. ಗೇರುಮರವನ್ನು ಕೈ ಪಳಗಿದವರಿಗೆ ಬಿಡಿ. ತೆಂಗಿನ ಹತ್ತಿರ ಮಷಿನ್ ಹಿಡಿದು ಹೋಗಲೇಬೇಡಿ. ಪೋಂಡಾದಲ್ಲಿ ಇಪ್ಪತ್ತಾರು ವರ್ಷದಿಂದ ಈ ಮಷಿನ್‌ಗಳ ರಿಪೇರಿ ಮಾಡುತ್ತ, ನಡುನಡುವೆ ಮರ ಕೊಯ್ಯುತ್ತ ಬಂದವನು ನಾನು. ಅಂಗಡಿಗೆ ಬರುವ ಮಷಿನ್ ನೋಡಿ ಕಲಿತದ್ದಕ್ಕಿಂತ ಅದನ್ನು ಹೊತ್ತು ತಂದವರ ಮೊಣಕಾಲಿನ ಹೊಲಿಗೆ ನೋಡಿ ಕಲಿತದ್ದೇ ಹೆಚ್ಚು.

ಮರ ನಿಮ್ಮ ತೋಟದ್ದೇ ಆದರೂ ಕಡಿಯುವ ಮೊದಲು ಅನುಮತಿಯ ವಿಚಾರ ನೋಡಿಕೊಳ್ಳಿ. ಗೋವಾದಲ್ಲಿ 1984ರ ಮರ ಸಂರಕ್ಷಣಾ ಕಾಯ್ದೆ ಇದೆ, ಅರ್ಜಿ ಕೊಡಬೇಕಾದದ್ದು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ. ತೆಂಗಿಗೆ ಅನುಮತಿ ಬೇಡ ಎಂದು ಇನ್ನೂ ಹೇಳುವವರಿದ್ದಾರೆ. 2016ರಲ್ಲಿ ತೆಂಗನ್ನು ಕಾಯ್ದೆಯಿಂದ ಹೊರಗಿಟ್ಟಿದ್ದು ನಿಜ, ಆದರೆ ಜನ ಗಲಾಟೆ ಎಬ್ಬಿಸಿದ ಮೇಲೆ 2017ರಲ್ಲಿ ವಾಪಸ್ ತಂದರು. ಮೂರೂ ಮರಗಳ ಫೋಟೋ ತೆಗೆದು, ಬುಡದ್ದೊಂದು, ದೂರದಿಂದ ಒಂದು, ಅರ್ಜಿಯ ಜೊತೆ ಇಟ್ಟರೆ ಕೆಲಸ ಹಗುರ.

ಈಗ ಗೇರುಮರ. ಹಳೇ ಗೇರು ಅರ್ಧ ಒಣಗಿದೆ ಎಂದರೆ ನನಗೆ ಮೊದಲು ಅನುಮಾನ ಬರುವುದು ಕಾಂಡ ಕೊರೆಯುವ ಹುಳದ ಮೇಲೆ. ಬುಡದ ಮಣ್ಣು ಸ್ವಲ್ಪ ಸರಿಸಿ ನೋಡಿ. ಸಣ್ಣ ತೂತು, ತೂತಿನ ಬಾಯಲ್ಲಿ ಅಂಟು, ಅಂಟಿಗೆ ಮೆತ್ತಿಕೊಂಡ ಕಂದು ಹೊಟ್ಟು ಕಂಡರೆ ಅದೇ. ಕೊಡಲಿಯ ಹಿಂಬದಿಯಿಂದ ಸುತ್ತಲೂ ಬಡಿದರೆ ಒಂದು ಕಡೆ ‘ಟಕ್’ ಅನ್ನುತ್ತದೆ, ಇನ್ನೊಂದು ಕಡೆ ಖಾಲಿ ಡಬ್ಬ ಬಡಿದ ಹಾಗೆ ‘ಡಬ್’ ಅನ್ನುತ್ತದೆ. ಡಬ್ ಅಂದ ಕಡೆ ಒಳಗೆ ಮರವಿಲ್ಲ. ಮರ ಬೀಳುವಾಗ ಅದನ್ನು ಹಿಡಿದು ದಾರಿಗೆ ತರುವುದು ನಾವು ಕೊಯ್ಯದೆ ಉಳಿಸಿದ ಒಂದು ತೆಳ್ಳನೆಯ ಪಟ್ಟಿ, ಅದಕ್ಕೆ ನಾವು ಕೀಲು ಅನ್ನುತ್ತೇವೆ. ಟೊಳ್ಳು ಬುಡದಲ್ಲಿ ಕೀಲು ಬಿಡಲು ಗಟ್ಟಿ ಮರವೇ ಇರುವುದಿಲ್ಲ. ಮೇಲಾಗಿ ಗೇರು ನೆಟ್ಟಗೆ ಬೆಳೆಯುವ ಜಾತಿಯಲ್ಲ. ಕೊಡೆ ಬಿಚ್ಚಿದ ಹಾಗೆ ಹರಡಿರುತ್ತದೆ, ಕೆಳಗಿನ ಟೊಂಗೆಗಳು ನೆಲಕ್ಕೆ ಊರಿ ಬಿಲ್ಲಿನಂತೆ ಬಾಗಿರುತ್ತವೆ. ಯಾವ ಟೊಂಗೆಯ ಭಾರ ಯಾವ ಟೊಂಗೆ ಹೊತ್ತಿದೆ ಎಂದು ಹತ್ತು ಗೇರು ಕೊಯ್ದ ಮೇಲೂ ನನಗೆ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ಕೂಲಿ ಕೊಟ್ಟು ಮಾಡಿಸಿ. ಕೆಡವಿದ ಮೇಲೆ ಹುಳ ಹೊಕ್ಕ ಬುಡ, ಬೇರು ಅಲ್ಲೇ ಬಿಡಬೇಡಿ, ಕಿತ್ತು ಸುಟ್ಟುಬಿಡಿ. ಇಲ್ಲವಾದರೆ ಹುಳ ಪಕ್ಕದ ಮರಕ್ಕೆ ಹೋಗುತ್ತದೆ.

ತೆಂಗಿನದು ಎರಡೇ ಮಾತು. ತಂತಿ ಪಕ್ಕ ಇರುವ ಮರಕ್ಕೆ ವಿದ್ಯುತ್ ಇಲಾಖೆಗೆ ಬರೆದುಕೊಟ್ಟು, ಲೈನ್‌ಮನ್ ಬಂದು ಲೈನ್ ಬಂದ್ ಮಾಡಿದ ಮೇಲೆ, ಮರ ಹತ್ತಿ ಪಳಗಿದ ಪಾಡೇಲಿಯಿಂದ, ಅಂದರೆ ತೆಂಗಿನಕಾಯಿ ಕೀಳುವವನಿಂದ, ತಲೆ ಇಳಿಸಿ, ಆಮೇಲೆ ತುಂಡು ತುಂಡಾಗಿ ಕೆಳಗೆ ತರಬೇಕು. ತೆಂಗಿನ ಕಾಂಡ ಹೊರಗೆ ಕಲ್ಲು, ಒಳಗೆ ಮೆತ್ತಗೆ. ಬೇರೆ ಮರದಂತೆ ಕೀಲು ಹಿಡಿಯುತ್ತದೆ ಎಂದು ನಂಬಿಕೊಂಡು ಹೋದರೆ ಮೋಸ ಹೋಗುತ್ತೀರಿ.

ಉಳಿದದ್ದು ಅಕೇಶಿಯಾ. ಒಂದು ಅಡಿ ಬುಡ, ಕಲಿಯಲು ಹದವಾದ ಮರ. ಆದರೆ ಎಷ್ಟು ವಾಲಿದೆ ಎಂದು ನೀವು ಬರೆದಿಲ್ಲ. ಒಂದು ದಾರಕ್ಕೆ ಕಲ್ಲು ಕಟ್ಟಿ, ಇಪ್ಪತ್ತು ಹೆಜ್ಜೆ ದೂರ ನಿಂತು, ಕೈ ಚಾಚಿ ದಾರ ಇಳಿಬಿಡಿ. ಮರದ ತಲೆಯ ಭಾರ ಎಲ್ಲಿದೆಯೋ ಅಲ್ಲಿಂದ ದಾರ ನೇರ ಇಳಿದು ಬುಡದಿಂದ ಎಷ್ಟು ಆಚೆ ಬೀಳುತ್ತದೆ ನೋಡಿ. ಬುಡದ ದಪ್ಪದಷ್ಟೇ ಆಚೆ ಇದ್ದರೆ ಪರವಾಗಿಲ್ಲ. ಅದಕ್ಕಿಂತ ಬಹಳ ಆಚೆ ಹೋದರೆ ಅದೂ ನಿಮ್ಮ ಮರವಲ್ಲ. ಇದು ಯಾವ ಪುಸ್ತಕದ ಲೆಕ್ಕವೂ ಅಲ್ಲ, ನಾನು ಹೊಸಬರಿಗೆ ಹಾಕಿಕೊಟ್ಟಿರುವ ಗೆರೆ. ಜೋರಾಗಿ ಮುಂದೆ ವಾಲಿದ ಮರವನ್ನು ಹಿಂದಿನಿಂದ ಕೊಯ್ಯುತ್ತ ಹೋದರೆ ಅರ್ಧಕ್ಕೆ ಬರುವಷ್ಟರಲ್ಲಿ ಕಾಂಡ ನೆಟ್ಟಗೆ ಮೇಲಕ್ಕೆ ಸೀಳಿ, ಸೀಳಿದ ಹಿಂದಿನ ಹೋಳು ಒದೆಯುವ ಕತ್ತೆಯ ಹಾಗೆ ಎಗರುತ್ತದೆ. ಅದರ ಮುಂದೆ ನಿಂತವನಿಗೆ ಓಡಲು ಸಮಯವಿರುವುದಿಲ್ಲ.

ವಾಲಿಕೆ ಅಳತೆಯೊಳಗೆ ಇದೆ ಅಂದುಕೊಳ್ಳೋಣ. ಅದು ಬೇಲಿ ಕಡೆ ವಾಲಿದ್ದರೆ ಬೇಲಿ ಕಡೆಗೇ ಬೀಳಿಸಿ. ಪಕ್ಕದವರ ಜೊತೆ ಮಾತಾಡಿ ಒಂದು ದಿನದ ಮಟ್ಟಿಗೆ ನಾಲ್ಕು ಕಂಬದ ತಂತಿ ಬಿಚ್ಚಿಡಿ. ಹಗ್ಗ ಕಟ್ಟಿ ನಾಲ್ಕು ಜನ ಜಗ್ಗಿ ಮರವನ್ನು ಬೇರೆ ದಿಕ್ಕಿಗೆ ತಿರುಗಿಸುವ ಸಾಹಸಕ್ಕಿಂತ ತಂತಿ ಬಿಚ್ಚಿ ಕಟ್ಟುವುದು ಅಗ್ಗ. ಮರದ ತುದಿ ಎಲ್ಲಿ ಬೀಳುತ್ತದೆ ಎಂದು ತಿಳಿಯಲು, ನಿಮ್ಮ ತೋಳಿನಷ್ಟೇ ಉದ್ದದ ಕೋಲನ್ನು ಚಾಚಿದ ಕೈಯಲ್ಲಿ ನೆಟ್ಟಗೆ ಹಿಡಿದು ಹಿಂದೆ ಹಿಂದೆ ಸರಿಯಿರಿ. ಕೋಲಿನ ಬುಡ ಮರದ ಬುಡಕ್ಕೆ, ಕೋಲಿನ ತುದಿ ಮರದ ತುದಿಗೆ ಕೂತ ಜಾಗದಲ್ಲಿ ನಿಲ್ಲಿ. ಅಲ್ಲಿಂದ ಮರಕ್ಕೆ ಎಷ್ಟು ಹೆಜ್ಜೆಯೋ ಮರದ ಎತ್ತರ ಹತ್ತಿರ ಹತ್ತಿರ ಅಷ್ಟೇ. ಅದರ ಎರಡರಷ್ಟು ದೂರದೊಳಗೆ ನಿಮ್ಮನ್ನು ಬಿಟ್ಟು ಯಾರೂ ಇರಬಾರದು, ದನಕರು ಕೂಡ. ಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಮುಗಿಸಿ.

ಮಷಿನ್ ಚಾಲೂ ಮಾಡುವ ಮೊದಲು ಕತ್ತಿ ಹಿಡಿದು ಬುಡದ ಸುತ್ತ ಸವರಿ. ಬೀಳುವ ದಿಕ್ಕಿಗೆ ಬೆನ್ನು ಮಾಡಿ ನಿಂತರೆ ಎದುರಿಗೆ ಎಡಕ್ಕೂ ಬಲಕ್ಕೂ ಓರೆಯಾಗಿ ಹೋಗುವ ಎರಡು ಓಡುದಾರಿ ಬಿಡಿಸಿಕೊಳ್ಳಿ. ಮರದ ನೇರ ಹಿಂದೆ ಓಡಬಾರದು, ಬುಡ ಹಿಂದಕ್ಕೆ ಜಾರಿ ಬಂದು ಗುದ್ದುವುದು ಅದೇ ಸಾಲಿನಲ್ಲಿ. ಮೇಲೆ ನೋಡಿ ಒಣ ಟೊಂಗೆ ಸಿಕ್ಕಿಕೊಂಡಿದೆಯೇ ಗಮನಿಸಿ. ಬೇಲಿ ಮರವಾದ್ದರಿಂದ ಕಾಂಡದೊಳಗೆ ಹಳೇ ಮೊಳೆ, ಮುಳ್ಳುತಂತಿ ನುಂಗಿಕೊಂಡಿರಬಹುದು. ತೊಗಟೆ ಉಬ್ಬಿ ಕಪ್ಪಾದ ಕಡೆ ಕೊಯ್ಯಬೇಡಿ.

ಬೀಳುವ ಕಡೆ ಮೊದಲು ಕಚ್ಚು ಹಾಕಬೇಕು. ನಿಮ್ಮ ಮರ ಸುಮಾರು 30 ಸೆಂಟಿಮೀಟರ್ ದಪ್ಪ. ಕಚ್ಚಿನ ಆಳ ಅದರ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ, ಅಂದರೆ 6ರಿಂದ 7 ಸೆಂಟಿಮೀಟರ್. ಮೇಲಿನಿಂದ ಇಳಿಜಾರಾಗಿ ಒಂದು ಕೊಯ್ತ, ಕೆಳಗಿನಿಂದ ಮಟ್ಟವಾಗಿ ಇನ್ನೊಂದು, ಎರಡೂ ಒಂದೇ ಗೆರೆಯಲ್ಲಿ ಸೇರಬೇಕು. ಬಾಯಿ ಅಗಲವಿರಲಿ, 70 ಡಿಗ್ರಿಯಷ್ಟು. ಕಿರಿದಾದರೆ ಮರ ಅರ್ಧ ಬಾಗುವಷ್ಟರಲ್ಲಿ ಬಾಯಿ ಮುಚ್ಚಿ ಕೀಲು ಮುರಿಯುತ್ತದೆ, ಆಮೇಲೆ ಮರ ತನಗೆ ಬೇಕಾದ ಕಡೆ ಹೋಗುತ್ತದೆ. ಹೊಸಬರು ತಪ್ಪುವುದು ಎರಡು ಕೊಯ್ತ ಸೇರುವ ಕಡೆಯಲ್ಲೇ. ಒಂದು ಇನ್ನೊಂದನ್ನು ದಾಟಿ ಒಂದು ಬೆರಳಷ್ಟು ಒಳಗೆ ಹೋಯಿತೆಂದರೆ ಕೀಲು ಇರಬೇಕಾದ ಜಾಗವನ್ನೇ ಕೊಯ್ದ ಹಾಗಾಯಿತು. ಕಚ್ಚಿನ ಹೋಳು ತೆಗೆದು ಒಳಗೆ ಬೆರಳು ಆಡಿಸಿ ನೋಡಿ, ಮೂಲೆ ಚೊಕ್ಕವಾಗಿರಬೇಕು.

ಆಮೇಲೆ ಹಿಂಬದಿಯ ಕೊಯ್ತ. ಕಚ್ಚಿನ ಮೂಲೆಗಿಂತ 3 ಸೆಂಟಿಮೀಟರ್ ಮೇಲೆ, ಮಟ್ಟವಾಗಿ. ಸೀಮೆಸುಣ್ಣದಿಂದ ಎರಡೂ ಪಕ್ಕ ಗೆರೆ ಎಳೆದುಕೊಂಡು ಶುರುಮಾಡಿ, ಇದರಲ್ಲಿ ನಾಚಿಕೆ ಏನೂ ಇಲ್ಲ, ನಾನೂ ಎಳೆಯುತ್ತೇನೆ. ಬಾರ್ ಸಾಕಷ್ಟು ಒಳಗೆ ಹೋದ ಕೂಡಲೇ ಹಿಂದಿನಿಂದ ಒಂದು ಬೆಣೆ ತೂರಿಸಿ. ಪ್ಲಾಸ್ಟಿಕ್ ಬೆಣೆ ಅಥವಾ ಗಟ್ಟಿ ಮರದ್ದು ಆಗಲಿ, ಕಬ್ಬಿಣದ್ದು ಬೇಡ, ಚೈನ್ ತಾಗಿದರೆ ಹಲ್ಲು ಹೋಗುತ್ತದೆ. ಕೊಯ್ಯುತ್ತ ಕೀಲಿಗೆ 3 ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ, ಮರದ ದಪ್ಪದ ಹತ್ತನೇ ಒಂದು ಪಾಲು. ಪೂರ್ತಿ ಕೊಯ್ದುಬಿಡಬಾರದು. ಕೊಯ್ಯುವಾಗ ಕಣ್ಣು ಇರಬೇಕಾದದ್ದು ಕೊಯ್ತದ ಸಂದಿನ ಮೇಲೆ. ಸಂದು ಒಂದು ದಾರದಷ್ಟು ಅಗಲವಾದರೆ ಮರ ಹೊರಟಿದೆ. ಸಂದು ಮುಚ್ಚುತ್ತ ಬಂದರೆ ನಿಮ್ಮ ಕಡೆ ಕೂರುತ್ತಿದೆ, ಆಗ ಬೆಣೆಗೆ ಎರಡು ಏಟು. ಸಂದು ಅಗಲವಾದದ್ದು ಕಂಡ ಕ್ಷಣ ಚೈನ್ ಬ್ರೇಕನ್ನು ಮುಂದಕ್ಕೆ ತಳ್ಳಿ, ಓಡುದಾರಿ ಹಿಡಿದು ಹೊರಡಿ. ತಲೆ ಎತ್ತಿ ನೋಡುತ್ತಲೇ ಹೋಗಿ, ಮರ ನೆಲ ಕಂಡ ಮೇಲೂ ಮುರಿದ ಟೊಂಗೆ ಬೀಳುವುದು ಬಾಕಿ ಇರುತ್ತದೆ.

ನಿಮ್ಮ ಬಾರ್ 22 ಇಂಚು, ಮರ 12 ಇಂಚು. ಅಂದರೆ ಬಾರಿನ ತುದಿ ಮರದಾಚೆ ಹತ್ತು ಇಂಚು ಹೊರಗೆ ಆಡುತ್ತಿರುತ್ತದೆ, ನಿಮಗೆ ಕಾಣದ ಕಡೆ. ಬಾರಿನ ಮೂಗಿನ ಮೇಲ್ಭಾಗ ಒಂದು ಟೊಂಗೆಗೆ, ಬಳ್ಳಿಗೆ, ಕಲ್ಲಿಗೆ ತಾಗಿದರೆ ಇಡೀ ಮಷಿನ್ ಮೇಲಕ್ಕೆ ಎಗರಿ ಮುಖದ ಕಡೆ ಬರುತ್ತದೆ. ಅಗ್ಗಕ್ಕೆ ಸಿಗುವ ಮಷಿನ್‌ಗಳಿಗೆ ಇಷ್ಟುದ್ದದ ಬಾರ್ ಹಾಕಿ ಮಾರುವುದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ. ಕೊಳ್ಳುವವರು ಉದ್ದ ನೋಡಿ ಖುಷಿಪಡುತ್ತಾರೆ. ನಿಮ್ಮ ಮಷಿನ್‌ಗೆ ಕೂರುವ 16 ಅಥವಾ 18 ಇಂಚಿನ ಬಾರ್, ಅದಕ್ಕೆ ತಕ್ಕ ಚೈನ್ ಹಾಕಿಸಿಕೊಳ್ಳಿ. ಎಡಗೈ ಹೆಬ್ಬೆರಳು ಯಾವಾಗಲೂ ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿಕೊಂಡಿರಲಿ. ಭುಜಕ್ಕಿಂತ ಮೇಲೆ ಮಷಿನ್ ಎತ್ತಬೇಡಿ. ಏಣಿ ಹತ್ತಿ ಕೊಯ್ಯುವ ಮಾತೇ ಬೇಡ.

ಅಕೇಶಿಯಾ ಬೀಳುವಾಗ ಪಕ್ಕದ ಗೇರಿಗೆ ಸಿಕ್ಕಿ ನಿಂತುಬಿಟ್ಟರೆ? ಅದರ ಕೆಳಗೆ ಹೋಗಬೇಡಿ, ಹಿಡಿದು ನಿಂತ ಮರವನ್ನೂ ಕೊಯ್ಯಬೇಡಿ. ಸುತ್ತ ಹಗ್ಗ ಕಟ್ಟಿ ಯಾರೂ ಬಾರದಂತೆ ಮಾಡಿ, ಟ್ರ್ಯಾಕ್ಟರ್ ಅಥವಾ ಕೈ ವಿಂಚ್ ಇರುವವರನ್ನು ಕರೆಸಿ ದೂರದಿಂದ ಎಳೆಸಿ.

ಬಿದ್ದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು, ಪೆಟ್ಟಾಗುವುದೂ ಆಗಲೇ. ನೆಲಕ್ಕೆ ಒತ್ತಿಕೊಂಡ ಟೊಂಗೆಯ ಒಂದು ಬದಿ ಒತ್ತಡದಲ್ಲಿರುತ್ತದೆ, ಇನ್ನೊಂದು ಬದಿ ಹಿಗ್ಗಿರುತ್ತದೆ. ಮೊದಲು ಒತ್ತಡದ ಬದಿಯಲ್ಲಿ ಮೂರನೇ ಒಂದರಷ್ಟು ಕೊಯ್ಯಿರಿ, ಆಮೇಲೆ ಹಿಗ್ಗಿದ ಬದಿಯಿಂದ. ತಿರುವುಮುರುವಾದರೆ ಬಾರ್ ಕಚ್ಚಿಕೊಳ್ಳುತ್ತದೆ, ಅಥವಾ ಟೊಂಗೆ ಚಿಮ್ಮುತ್ತದೆ. ಇಳಿಜಾರಾದರೆ ಮೇಲಿನ ಕಡೆ ನಿಂತು ಕೊಯ್ಯಿರಿ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹೋದ ಮೇಲೆ ನಮಗೆ ವಾರಗಟ್ಟಲೆ ಬಿಡುವಿಲ್ಲದ ಕೆಲಸ. ಒಂದು ಮನೆಯಂಗಳದಲ್ಲಿ ಬೇರುಸಮೇತ ಮಗುಚಿದ ಹಲಸು. ಬೇರಿನ ಮುದ್ದೆ ಗೋಡೆಯ ಹಾಗೆ ಎದ್ದು ನಿಂತಿತ್ತು, ಕೆಳಗೆ ಆಳದ ಗುಂಡಿ, ಗುಂಡಿಯಲ್ಲಿ ತಂಪು ನೆರಳು. ನಮ್ಮ ಜೊತೆಗಿದ್ದ ಹಾವೇರಿ ಕಡೆಯ ಹುಡುಗ ಅದರೊಳಗೆ ಇಳಿದು, ಟವಲ್ ಹಾಸಿಕೊಂಡು ಕೂತು ಬೀಡಿ ಹಚ್ಚಿದ್ದ. ಚಹಾ ಬಂತೆಂದು ಕರೆದಾಗ ಎದ್ದು ಬಂದ. ನಾನು ಕಾಂಡ ಕೊಯ್ದು ಮುಗಿಸಿದ್ದೇ ತಡ, ಮೇಲಿನ ಭಾರ ತಪ್ಪಿದ ಬೇರಿನ ಮುದ್ದೆ ಧಡ್ ಎಂದು ಮಗುಚಿ ಗುಂಡಿಯೊಳಗೆ ಕೂತಿತು. ಟವಲ್ಲಿನ ಒಂದು ಮೂಲೆ ಮಾತ್ರ ಮಣ್ಣಿನಾಚೆ ಕಾಣುತ್ತಿತ್ತು. ಆ ಹುಡುಗ ಚಹಾ ಲೋಟ ಹಿಡಿದುಕೊಂಡೇ ಅದನ್ನು ನೋಡುತ್ತ ನಿಂತಿದ್ದ. ಕೊಯ್ಯುವ ಮೊದಲು ಗುಂಡಿಯಲ್ಲಿ ಯಾರಿದ್ದಾರೆ ಎಂದು ನೋಡಬೇಕಾದವನು ನಾನು, ನೋಡಿರಲಿಲ್ಲ. ಗಾಳಿಗೆ ಮಗುಚಿದ ಮರಕ್ಕೂ ನೀವು ಕೈ ಹಚ್ಚಬೇಡಿ.

ಮೈಮೇಲೆ ಏನಿರಬೇಕು? ಲುಂಗಿ ಎತ್ತಿಕಟ್ಟಿ, ಹವಾಯಿ ಚಪ್ಪಲಿ ಹಾಕಿ, ಕೊರಳಿಗೆ ಟವಲ್ ಸುತ್ತಿ ಕೊಯ್ಯುವವರನ್ನು ಇಲ್ಲಿ ದಿನಾ ನೋಡುತ್ತೇನೆ. ಚೈನ್ ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ಓಡುತ್ತದೆ, ಟವಲ್ಲಿನ ಅಂಚು ಸಿಕ್ಕರೆ ಸಾಕು. ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ ಇರುವ ಹೆಲ್ಮೆಟ್ಟು, ಗಟ್ಟಿ ಬೂಟು, ಕೈಗವಸು. ಇವೆಲ್ಲಕ್ಕಿಂತ ಮೊದಲು ಕಾಲಿಗೆ ಕಟ್ಟುವ ಚೈನ್ ಸಾ ಚಾಪ್ಸ್ ಕೊಳ್ಳಿ. ಅದರೊಳಗೆ ಉದ್ದುದ್ದ ನಾರಿನ ಪದರ ಇರುತ್ತದೆ. ಚೈನ್ ತಾಗಿದ ಕೂಡಲೇ ನಾರು ಕಿತ್ತು ಬಂದು ಹಲ್ಲುಗಾಲಿಗೆ ಸುತ್ತಿಕೊಂಡು ಚೈನ್ ನಿಲ್ಲಿಸಿಬಿಡುತ್ತದೆ. ಗೋವಾದ ಸೆಕೆಗೆ ಅದು ಕಾಲಿಗೆ ಕಂಬಳಿ ಕಟ್ಟಿದ ಹಾಗೆ, ನಿಜ. ಬೆವರಿ. ಒಬ್ಬರೇ ಹೋಗಬೇಡಿ. ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆ ನೋಡಿಕೊಂಡಿರಿ. ರಕ್ತ ಬಂದರೆ ಬಟ್ಟೆ ಒತ್ತಿ ಹಿಡಿದು, ಬಿಡದೆ, 108ಕ್ಕೆ ಫೋನ್ ಮಾಡಿ.

ಮಷಿನ್‌ಗೆ ಬರೋಣ. ಮಳೆಗಾಲದ ನಂತರ ಚಾಲೂ ಆಗದ ಹತ್ತು ಮಷಿನ್ ಬಂದರೆ ಬಹುಪಾಲು ಟ್ಯಾಂಕಿನಲ್ಲಿ ಬಿಟ್ಟ ಹಳೇ ಪೆಟ್ರೋಲಿನದೇ ತಕರಾರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮ್ಮ ಸತ್ತರಿ ತಾಲೂಕಿನ ಗಾಳಿಯಲ್ಲಿ ತೇವಕ್ಕೆ ಬರವೇ? ನೀರು ತಳಕ್ಕೆ ಇಳಿಯುತ್ತದೆ, ಕಾರ್ಬೊರೇಟರಿನ ಒಳಗಿನ ರಬ್ಬರ್ ಪರದೆ ಬಿರುಸಾಗುತ್ತದೆ. ಟ್ಯಾಂಕ್ ಖಾಲಿ ಮಾಡಿ ಗಾಜಿನ ಲೋಟಕ್ಕೆ ಸುರಿದು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ವಾರ್ನಿಷ್ ವಾಸನೆ ಹೊಡೆದರೆ ಕಾರಣ ಸಿಕ್ಕಿತು. ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿಯ ಕೊಕ್ಕೆಯಿಂದ ಹೊರಗೆಳೆದು ಹೊಸದು ಹಾಕಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿ, ಸಂದು ಅರ್ಧ ಮಿಲಿಮೀಟರ್ ಇರಲಿ. ಹೊಸ ಪೆಟ್ರೋಲಿಗೆ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ ಬೆರೆಸಿ. ಡಬ್ಬದ ಮೇಲೆ ಐವತ್ತಕ್ಕೆ ಒಂದು ಎಂದಿದ್ದರೆ ಲೀಟರಿಗೆ 20 ಮಿಲಿ, ಇಪ್ಪತ್ತೈದಕ್ಕೆ ಒಂದು ಎಂದಿದ್ದರೆ 40 ಮಿಲಿ. ಔಷಧಿ ಅಂಗಡಿಯ ಸಿರಿಂಜಿನಲ್ಲಿ ಅಳೆಯಿರಿ, ಕಣ್ಣಂದಾಜು ಬೇಡ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಂಡು ಮಷಿನ್ನೇ ಹೋಯಿತು. ಇಷ್ಟಾದ ಮೇಲೂ ಆಗದಿದ್ದರೆ ಕಾರ್ಬೊರೇಟರ್ ಕಿಟ್ ಬದಲಿಸಬೇಕು, ಅದು ಮೆಕ್ಯಾನಿಕ್ ಕೆಲಸ.

ಚಾಲೂ ಮಾಡುವುದು ನೆಲದ ಮೇಲಿಟ್ಟೇ. ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲು ಊರಿ ದಾರ ಎಳೆಯಿರಿ. ಎಕ್ಸಲರೇಟರ್ ಬಿಟ್ಟು ಬ್ರೇಕ್ ತೆಗೆದಾಗ ಚೈನ್ ತಾನಾಗಿ ತಿರುಗುತ್ತಿದ್ದರೆ ಆ ಮಷಿನ್ ಹಿಡಿದು ಮರದ ಹತ್ತಿರ ಹೋಗಬೇಡಿ.

ಸೊಟ್ಟ ಕೊಯ್ಯುವುದು ಯಾಕೆ? ಚೈನಿನಲ್ಲಿ ಎಡ ಹಲ್ಲು, ಬಲ ಹಲ್ಲು ಒಂದಾದ ಮೇಲೊಂದು ಇರುತ್ತವೆ. ಒಂದು ಬದಿಯವು ಮೊಂಡಾದರೆ, ಅಥವಾ ಅರ ಉಜ್ಜುವಾಗ ಗಿಡ್ಡವಾಗಿದ್ದರೆ, ಕೊಯ್ತ ಇನ್ನೊಂದು ಬದಿಗೆ ಎಳೆಯುತ್ತದೆ. ಟೊಂಗೆ ಕೊಯ್ಯುವಾಗ ಒಮ್ಮೆ ನೆಲಕ್ಕೆ ತಾಗಿಸಿರುತ್ತೀರಿ. ನಮ್ಮ ಈ ಚಿರೇಕಲ್ಲಿನ ಕೆಂಪು ನೆಲದಲ್ಲಿ ಒಂದು ಸಲ ಮಣ್ಣು ತಾಗಿದರೆ ಸಾಕು, ಹಲ್ಲಿನ ಮೂಲೆ ಹೋಯಿತು. ಹರಿತ ಚೈನ್ ಅವಲಕ್ಕಿಯಂತಹ ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಹಿಟ್ಟು ಕಂಡ ಕೂಡಲೇ ನಿಲ್ಲಿಸಿ ಅರ ಹಿಡಿಯಿರಿ. ಚೈನಿನ ಕೊಂಡಿಗಳ ಅಂತರದ ಅಳತೆಗೆ ಪಿಚ್ ಅನ್ನುತ್ತಾರೆ. ನಿಮ್ಮ ಚೈನ್ ಪಾಯಿಂಟ್ 325 ಇಂಚು ಪಿಚ್ಚಿನದಾದರೆ 4.8 ಮಿಲಿಮೀಟರ್ ದುಂಡು ಅರ, 3/8 ಇಂಚಿನದ್ದಾದರೆ 5.2. ಹಲ್ಲಿನ ತಲೆಯ ಗೆರೆಗೆ ಹೊಂದಿಸಿ, ಸಾಮಾನ್ಯವಾಗಿ 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ತಳ್ಳಬೇಕು, ಎಳೆಯುವಾಗ ತಾಗಿಸಬಾರದು. ಅತಿ ಗಿಡ್ಡವಾದ ಹಲ್ಲನ್ನು ಹುಡುಕಿ, ಉಳಿದವನ್ನೆಲ್ಲ ಅದರ ಉದ್ದಕ್ಕೆ ತನ್ನಿ. ಹಲ್ಲಿನ ಮುಂದಿರುವ ಗುಬಟನ್ನು ಗೇಜ್ ಇಟ್ಟು ನೋಡಿ ತೆಗೆಯಿರಿ, ಹಲ್ಲಿಗಿಂತ 0.65 ಮಿಲಿಮೀಟರಿನಷ್ಟು ತಗ್ಗಿದ್ದರೆ ಸಾಕು. ಬೇಗ ಕೊಯ್ಯಲಿ ಎಂದು ಗುಬಟು ಜಾಸ್ತಿ ಉಜ್ಜುವವರಿದ್ದಾರೆ, ಆ ಚೈನ್ ಮರ ಕಚ್ಚಿ ಎಗರುತ್ತದೆ. ಇಷ್ಟು ಮಾಡಿಯೂ ಸೊಟ್ಟ ಹೋದರೆ ಬಾರಿನ ಒಂದು ಅಂಚು ಸವೆದಿದೆ ಎಂದರ್ಥ.

ದಿನದ ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಕೊಡಿ. ಬಾರಿನ ಅಂಚಿನ ಸಂದಿನಲ್ಲಿ ಸಿಕ್ಕ ಹೊಟ್ಟು ಕೆರೆದು ತೆಗೆಯಿರಿ, ಎಣ್ಣೆ ಬರುವ ಸಣ್ಣ ತೂತು ಚುಚ್ಚಿ ಬಿಡಿಸಿ, ಬಾರನ್ನು ಮೇಲೆಕೆಳಗೆ ಮಾಡಿ ಹಾಕಿ. ಏರ್ ಫಿಲ್ಟರ್ ತೊಳೆದು ಒಣಗಿಸಿ. ಚೈನ್ ತಣ್ಣಗಿದ್ದಾಗ ಬಿಗಿ ನೋಡಿ, ಕೈಯಲ್ಲಿ ಸಲೀಸಾಗಿ ಜಾರಬೇಕು, ಕೆಳಗೆ ಜೋತಾಡಬಾರದು. ಚೈನ್ ಎಣ್ಣೆಯ ಟ್ಯಾಂಕಿಗೆ ಗ್ಯಾರೇಜಿನ ಕಪ್ಪು ಎಣ್ಣೆ ಹೊಯ್ಯುವುದು ಇಲ್ಲಿ ದೊಡ್ಡ ಚಾಳಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚೈನಿನಿಂದ ಹಾರಿ ನಿಮ್ಮ ಕೈ ಮುಖಕ್ಕೆ ಬೀಳುವುದೂ ಅದೇ, ಚರ್ಮಕ್ಕೆ ಕೆಟ್ಟದ್ದು. ಹೊಸ ಎಣ್ಣೆಯೇ ಹಾಕಿ. ಎಣ್ಣೆ ಬರುತ್ತಿದೆಯೇ ಎಂದು ನೋಡಲು ಬಾರಿನ ತುದಿಯನ್ನು ಒಂದು ಹಳೇ ಪೇಪರಿನಿಂದ ಗೇಣು ದೂರ ಹಿಡಿದು ಎಕ್ಸಲರೇಟರ್ ಒತ್ತಿದರೆ ಪೇಪರಿನ ಮೇಲೆ ಸಣ್ಣ ಗೆರೆ ಮೂಡುತ್ತದೆ.

ಮುಂದಿನ ಮೇ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಬಂದ್ ಬೀಳುವ ತನಕ ಓಡಿಸಿ, ಚೈನಿಗೆ ಎಣ್ಣೆ ಸವರಿ, ಒಣ ಜಾಗದಲ್ಲಿ ತೂಗುಹಾಕಿ. ಗೋಣಿಚೀಲ ಸುತ್ತಬೇಡಿ, ತೇವ ಹಿಡಿಯುತ್ತದೆ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿಡಿ, ತೆಗೆಯಲು ನೆನಪಾಗುವಂತೆ ಕೆಂಪು ಬಟ್ಟೆ. ಹೋದ ಅಕ್ಟೋಬರಿನಲ್ಲಿ ಒಬ್ಬರು ತಂದ ಮಷಿನ್‌ಗೆ ಕಾರ್ಬೊರೇಟರ್, ಪ್ಲಗ್, ಕಾಯಿಲ್ ಎಲ್ಲ ಬಿಚ್ಚಿ ನೋಡಿ ಅರ್ಧ ದಿನ ಕಳೆದೆ. ಕೊನೆಗೆ ಸೈಲೆನ್ಸರ್ ಬಿಚ್ಚಿದರೆ ಒಳಗೆ ಮಣ್ಣಿನ ಗೂಡು, ಕಣಜ ಕಟ್ಟಿದ್ದು, ಬೆಣೆ ಹೊಡೆದಷ್ಟು ಬಿಗಿ. ನಿಮ್ಮ ಮಷಿನ್ನೂ ಒಂದು ಮಳೆಗಾಲ ಸುಮ್ಮನೆ ಕೂತಿದೆ. ಪೆಟ್ರೋಲ್ ಚೆಲ್ಲುವ ಮೊದಲು ಆ ಬಾಯಿಗೆ ಟಾರ್ಚ್ ಬಿಟ್ಟು ನೋಡಿ.